ಆ ಎರಡು ರೊಟ್ಟಿ

ಫೋನು ಮೂರನೇ ಸಲ ಹೊಡೆದುಕೊಂಡಾಗ ವಿದ್ಯಾವತಿ ದೊಡ್ಡವ್ವನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಗೋಡೆಗೆ ಒರಗಿಸಿ ಕೂಡಿಸಿದ್ದ ಲಕ್ಕವ್ವನ ತಲೆ ಮತ್ತೆ ಮತ್ತೆ ಎಡಕ್ಕೆ ವಾಲುತ್ತಿತ್ತು. ಅದನ್ನು ಎಡಗೈಯಿಂದ ಹಿಡಿದು ಬಲಗೈಯ ಮೂರು ಬೆರಳು ಎಳೆಯುವಷ್ಟರಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನು ಗುರುಗುಟ್ಟಿತು.

“ಅದನ್ನ ಬಂದ್ ಮಾಡಬಾರ್ದೇನವಾ?” ಎಂದ ಸೋದರಮಾವ ಗುರುಲಿಂಗಪ್ಪ. ಲಕ್ಕವ್ವನ ಬೆನ್ನಿಗೆ ಬಿದ್ದ ತಮ್ಮ. ಸುದ್ದಿ ತಿಳಿದು ಸಿಕ್ಕ ಬಸ್ಸು ಹಿಡಿದು ನಿಡಗುಂದಿಯಿಂದ ಬಂದಿದ್ದ. “ಸತ್ತ ಮನ್ಯಾಗ ಎಷ್ಟ್ ಸಲ ಒದರತೈತದು?”

“ಪೇಪರಿನವರದು, ಮಾವ.”

“ಪೇಪರಿನವ್ರದಾ? ನಮ್ಮಕ್ಕ ಸತ್ತದ್ದು ಪೇಪರಿನಾಗ ಬರತೈತೇನು?”

ಬರಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವಳು ತಾನೇ ಎಂದು ಅವನಿಗೆ ಹೇಗೆ ಹೇಳುವುದು? ವಿದ್ಯಾವತಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿತ್ತಲಿಗೆ ಹೋದಳು.

“ಮೇಡಂ, ವಾರದ ಕಾಲಂ ಬರೆಯೋ ವಿಷಯ ಇವತ್ತು ಹೇಳ್ತೀನಿ ಅಂದಿದ್ರಿ,” ಎಂದ ಬೆಂಗಳೂರಿನ ಪತ್ರಿಕೆಯ ಪುರವಣಿ ನೋಡಿಕೊಳ್ಳುವಾತ. ಅವಳು ಸುದ್ದಿ ಹೇಳಿದಳು.

“ಖಾನಾವಳಿ ದೊಡ್ಡವ್ವನಾ? ಛೆ. ನಮ್ಮನೇಲೂ ಎಲ್ಲರಿಗೂ ಅವರು ಗೊತ್ತು ಮೇಡಂ, ನಿಮ್ಮ ಬ್ಲಾಗಿಂದ.” ಅವನ ದನಿಯಲ್ಲಿ ನಿಜವಾದ ದುಃಖವೇ ಇತ್ತು. ಆಮೇಲೆ ಅಂದ: “ತಪ್ಪು ತಿಳೀಬೇಡಿ. ಮೊದಲನೇ ವಾರ ಅವರ ಮೇಲೇ ಬರೀರಿ. ಸಂಜೆ ಐದರೊಳಗೆ ಕಳಿಸಿದ್ರೆ ಭಾನುವಾರಕ್ಕೆ ತಗೋತೀನಿ. ನಿಮ್ಮ ಆ ತಮಾಷೆ ಇರ್ಲಿ, ಅಳು ಬೇಡ.”

ಅವಳಿಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ವಿಭೂತಿ ಹಚ್ಚುವಾಗಲೇ ಅವಳ ತಲೆಯಲ್ಲಿ ಒಂದು ವಾಕ್ಯ ತಯಾರಾಗಿಬಿಟ್ಟಿತ್ತು: ‘ಮೂವತ್ತೊಂದು ವರ್ಷ ಮಂದಿಯನ್ನು ಕೂಡಿಸಿ ಬಡಿಸಿದಾಕೆ ಇವತ್ತು ತಾನೇ ಕುಳಿತಿದ್ದಾಳೆ, ಬಡಿಸುವವರಿಲ್ಲ.’ ವಾಕ್ಯ ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಆ ಹೊತ್ತಿನಲ್ಲಿ ಅನ್ನಿಸಿದ್ದೇ ಹೇಸಿಗೆಯಾಯಿತು.

*

ಬಸವನ ಬಾಗೇವಾಡಿಯ ಕೋರ್ಟಿನ ಹಿಂದಿನ ಓಣಿಯಲ್ಲಿ ಲಕ್ಕವ್ವನ ಖಾನಾವಳಿ. ಗಂಡ ಸತ್ತ ವರ್ಷವೇ ಒಂದು ಹಂಚು, ಹಿಟ್ಟು ಕಲಸಿ ಬಡಿಯುವ ಒಂದು ಪರಾತ ತಗೊಂಡು ಅವಳು ಇಲ್ಲಿ ಒಲೆ ಹೂಡಿದ್ದಳು. ತಂಗಿ ತೀರಿಕೊಂಡ ಮೇಲೆ ಅವಳ ಮಗಳು ವಿದ್ಯಾವತಿ ಬೆಳೆದದ್ದೂ ಈ ಹೊಗೆಯಲ್ಲೇ. ಅವಳು ಓದಿ, ಊರಿನದೇ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದಳು. ಮೂವತ್ತನಾಲ್ಕು ತುಂಬುವ ಹೊತ್ತಿಗೆ ಹನ್ನೊಂದು ಕತೆ ಬರೆದಿದ್ದಳು. ಹನ್ನೊಂದನ್ನೂ ಪತ್ರಿಕೆಗಳು ತಿರುಗಿ ಕಳಿಸಿದ್ದವು.

ಎರಡು ಸಾವಿರದ ಆರರಲ್ಲಿ ನೆಟ್ ಸೆಂಟರಿನ ಮಶಾಕಸಾಬ ಅವಳಿಗೊಂದು ಬ್ಲಾಗು ಮಾಡಿಕೊಟ್ಟ. ಅದರಲ್ಲಿ ಆ ಕತೆಗಳನ್ನು ಹಾಕಿದಾಗ ಯಾರೂ ಓದಲಿಲ್ಲ. ಬೇಸತ್ತು ಒಂದು ದಿನ ಖಾನಾವಳಿಗೆ ಉಣ್ಣಲು ಬರುವವರ ಬಗ್ಗೆ ನಗುವಂತೆ ಬರೆದು ಹಾಕಿದಳು. ಎಲ್ಲೆಲ್ಲಿಯವರೋ ಬಂದು ಓದಿದರು, ಇನ್ನೂ ಬರೆಯಿರಿ ಅಂದರು.

“ಅಲ್ಲಿ ಯಾರು ಬೇಕಾದ್ರೂ ಬಂದು ಓದಬಹುದು, ದೊಡ್ಡವ್ವ,” ಎಂದು ಅವಳು ಸಂಭ್ರಮದಿಂದ ಹೇಳಿದ್ದಳು.

ಲಕ್ಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದ್ದಳು: “ಅದಕ್ಕ ಬಾಗಲಾ ಎಲ್ಲೈತಿ?”

“ಬಾಗಲಾ ಇಲ್ಲ. ಅದಽ ಅದರ ಛಂದ.”

“ನನಗ ನನ್ನ ಬಾಗಲದಾಗ ಯಾರ್ ಬಂದ್ರು ಅಂತ ಕಾಣತೈತಿ. ಹಸದು ಬಂದಾನೋ, ಸುಮ್ಮ ಬಂದಾನೋ ತಿಳೀತೈತಿ. ಬಾಗಲಾ ಇಲ್ಲದ ಮನಿಗೆ ಎಂಥೆಂಥವ್ರು ಬರ್ತಾರೋ, ಯವ್ವಾ.”

ಅದನ್ನೂ ವಿದ್ಯಾವತಿ ಬ್ಲಾಗಿನಲ್ಲಿ ಬರೆದಳು. ನಲವತ್ತು ಮಂದಿ ನಕ್ಕರು.

*

ಹತ್ತು ಗಂಟೆಗೆ ಕೋರ್ಟಿನವರು, ಬಸ್ಸಿನವರು, ಸಂತೆಗೆ ಬಂದವರು ಓಣಿಯ ತುಂಬ ನಿಂತಿದ್ದರು. ಕಟ್ಟಿಗೆ ಅಡ್ಡೆಯ ಕಾಸಿಂಸಾಬ ಬಿದಿರು ತಂದು ಹೆಣ ಕೂಡಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದ.

“ಮಣ್ಣು ಎಷ್ಟಕ್ಕೈತ್ರಿ?” ಎಂದು ಬಂದವರೆಲ್ಲ ಕೇಳುತ್ತಿದ್ದರು.

“ಒಂದಕ್ಕ ಎತ್ತೋದ್ರಿ,” ಎಂದ ಗುರುಲಿಂಗಪ್ಪ. “ಮೈ ಸರಿ ಇಲ್ಲ, ನನ್ ಕಡೆ ಬಾರಬೇ ಅಂದ್ರ ಬರಲಿಲ್ಲ ನೋಡ್ರಿ. ನಾ ಬಂದ್ರ ಇವ್ರೆಲ್ಲ ಎಲ್ಲಿ ಉಣಬೇಕು ಅಂತಿದ್ಲು.”

“ಇಡ್ಲಿ ಇಡಬೇ, ಚಹಾ ಇಡಬೇ ಅಂತ ನಾನೂ ಹೇಳಿದ್ದೆ,” ಎಂದ ಮುದುಕ ವಕೀಲನೊಬ್ಬ. “ರೊಟ್ಟಿ ಬಿಟ್ಟು ಎರಡನೇದು ಮಾಡಲಿಲ್ಲ ಪುಣ್ಯಾತಗಿತ್ತಿ.”

“ಈಗ ಅಕ್ಕಾರು ಪೇಪರಿನಾಗ ಬರೀತಾರ ಬಿಡ್ರಿ. ನಗಸಿ ನಗಸಿ ಇಡ್ತಾರ,” ಎಂದ ಇನ್ನೊಬ್ಬ. ಅವನು ಹೊಗಳಿಕೆಯಾಗಿಯೇ ಅಂದದ್ದು. ಕಾಸಿಂಸಾಬ ಮಾತ್ರ ತಲೆ ಎತ್ತಿ ವಿದ್ಯಾವತಿಯನ್ನು ಒಮ್ಮೆ ನೋಡಿ ಮತ್ತೆ ಹಗ್ಗ ಬಿಗಿದ.

ಅಷ್ಟರಲ್ಲಿ ಓಣಿಯ ಬಾಯಿಯಲ್ಲಿ ಇಬ್ಬರು ಕಾಣಿಸಿದರು. ಮುಂದಿನವನು ಬಿಳಿ ಟೊಪ್ಪಿಗೆಯ ಪರಮಾನಂದ. ಅವನ ಹಿಂದೆ ಗುರುತಿಲ್ಲದ ಒಬ್ಬ ಸಣಕಲು ಮನುಷ್ಯ. ವಿದ್ಯಾವತಿ ಬಾಗಿಲ ಮರೆಗೆ ಸರಿದಳು. ಪರಮಾನಂದ ಖಾನಾವಳಿಗೆ ಬರುವುದು ಬಿಟ್ಟು ಒಂದೂವರೆ ವರ್ಷವಾಗಿತ್ತು.

*

ಅವನ ಮೇಲೆ ಬರೆದದ್ದಕ್ಕೆ ಅವಳು ‘ರೊಟ್ಟಿ ಕಳ್ಳ’ ಎಂದು ಹೆಸರಿಟ್ಟಿದ್ದಳು. ಸರಕಾರಿ ಕಚೇರಿಯ ಗುಮಾಸ್ತ, ಒಂಟಿ ಮನುಷ್ಯ, ಹಸಿರು ಸೀಟಿನ ಸೈಕಲ್ಲು. ದಿನಾ ನಾಲ್ಕು ರೊಟ್ಟಿ ಹಾಕಿಸಿಕೊಂಡು ಎರಡು ತಿಂದು, ಯಾರೂ ನೋಡುತ್ತಿಲ್ಲವೆಂದು ತಿಳಿದು ಇನ್ನೆರಡನ್ನು ಕಾಗದದಲ್ಲಿ ಸುತ್ತಿ ಅಂಗಿಯೊಳಗೆ ಇಳಿಬಿಡುತ್ತಿದ್ದ. ಬಿಸಿರೊಟ್ಟಿಯ ಶಾಖಕ್ಕೆ ಅವನು ಸೈಕಲ್ಲಿನ ಮೇಲೆ ಹೇಗೆ ಸೊಟ್ಟಗಾಗುತ್ತಿದ್ದ ಎಂಬುದನ್ನು ಅವಳು ಬಹಳ ಚೆನ್ನಾಗಿ ಬರೆದಿದ್ದಳು. ಕೊನೆಗೊಂದು ಕುಟುಕು: ‘ಒಂಟಿ ಮನುಷ್ಯನ ಮನೆಯಲ್ಲಿ ಆ ಎರಡು ರೊಟ್ಟಿ ತಿನ್ನುವವರು ಯಾರು?’

ಅವಳು ಬರೆದದ್ದರಲ್ಲೆಲ್ಲ ಹೆಚ್ಚು ಮಂದಿ ಓದಿದ್ದು ಅದನ್ನೇ. ಬ್ಲಾಗಿನಿಂದ ಎತ್ತಿ ಪತ್ರಿಕೆಯವರೂ ಹಾಕಿದರು. ಹೆಸರು ಬದಲಿಸಿದ್ದಳು ನಿಜ, ಆದರೆ ಬಾಗೇವಾಡಿಯಲ್ಲಿ ಹಸಿರು ಸೀಟಿನ ಸೈಕಲ್ಲು ಎಷ್ಟಿದ್ದಾವು? ಅದಾದ ಮೇಲೆ ಪರಮಾನಂದ ಬರಲಿಲ್ಲ. ಇಂಡಿ ತಾಲೂಕಿಗೆ ವರ್ಗವಾಯಿತಂತೆ ಎಂದು ಯಾರೋ ಹೇಳಿದರು. ಅವಳು ಅದನ್ನು ನಂಬಿ ಹಗುರಾದಳು.

ಮೊನ್ನೆ ಕಾಲಂ ಬರೆಯುವ ಕರೆ ಬಂದಾಗ ಅವಳು ದೊಡ್ಡವ್ವನನ್ನೇ ಕೇಳಿದ್ದಳು. ವಾರಕ್ಕೊಂದು, ಹೆಸರಿನ ಜೊತೆ ಫೋಟೋ. ಇಲ್ಲವೆಂದರೆ ಮತ್ತೆ ಯಾರೂ ಓದದ ಕತೆಗಳು. ಯಾವುದು ಹಿಡಿಯಲಿ?

“ವಾರಕ್ಕೊಂದು ಅಂದ್ರ ವಾರಕ್ಕೊಬ್ರು ಬೇಕಲ್ಲವಾ,” ಎಂದಿದ್ದಳು ಲಕ್ಕವ್ವ ಮೊಣಕಾಲು ನೀವಿಕೊಳ್ಳುತ್ತ. “ಅಷ್ಟ್ ಮಂದೀನ ಎಲ್ಲಿಂದ ತರ್ತಿ?”

“ಅಂದ್ರ? ಬರಿಯೂದು ಬ್ಯಾಡೇನು?”

“ಬರಿಬ್ಯಾಡ ಅಂತ ಎಲ್ಲಿ ಅಂದೆ?”

“ಮತ್ತೇನ್ ಅಂತಿ ಸರಿಯಾಗಿ ಅನ್ನು! ಜಲ್ಮದಾಗ ಒಮ್ಮೆ ಒಬ್ರು ಕರದಾರ. ನಿನಗೇನ್ ತಿಳೀತೈತಿ, ಅಕ್ಷರಾ ಒಂದೂ ಬರೂದಿಲ್ಲ.”

ಲಕ್ಕವ್ವ ಸುಮ್ಮನೆ ಎದ್ದು ಒಲೆಯ ಕಡೆ ಹೋಗಿದ್ದಳು. ಮರುದಿನ ಸರಿಯಾಗಿ ಮಾತಿಲ್ಲ. ಅದರ ಮರುದಿನ ಬೆಳಗಿನಲ್ಲಿ ಅವಳು ಏಳಲಿಲ್ಲ.

*

ವಿಮಾನ ಎತ್ತುವಾಗ ಆ ಸಣಕಲು ಮನುಷ್ಯ ಯಾರನ್ನೂ ಕೇಳದೆ ಹಿಂದಿನ ಬಿದಿರಿಗೆ ಹೆಗಲು ಕೊಟ್ಟ. ಮಂದಿ ಬದಲಾದರು, ಅವನು ಬದಲಾಗಲಿಲ್ಲ. ಸ್ಮಶಾನದಲ್ಲಿ ಐನೋರು ಮಂತ್ರ ಹೇಳುತ್ತಿರಲು ಕುಣಿಯೊಳಗೆ ಇಳಿದು ದೇಹ ಹಿಡಿದುಕೊಳ್ಳುವವರು ಬೇಕಾದರು. ಗುರುಲಿಂಗಪ್ಪ ತನ್ನ ಮೊಣಕಾಲು ನೋಡಿಕೊಂಡ. ಆ ಮನುಷ್ಯ ಅಂಗಿ ತೋಳು ಏರಿಸಿ ಇಳಿದೇಬಿಟ್ಟ. ಲಕ್ಕವ್ವನನ್ನು ಎದೆಗೆ ಒರಗಿಸಿಕೊಂಡು ಇಳಿಸಿ ಕುಣಿಯ ಪಕ್ಕೆಯಲ್ಲಿ ಕೊರೆದಿದ್ದ ಗೂಡಿನಲ್ಲಿ ಕೂಡಿಸಿದ. ಅವಳ ವಾಲುತ್ತಿದ್ದ ತಲೆಗೆ ಹಿಡಿ ಮಣ್ಣು ಆಸರೆ ಕೊಟ್ಟು ಸರಿಮಾಡಿದ.

“ಅವ್ರು ಯಾರು?” ವಿದ್ಯಾವತಿ ಪಕ್ಕದಲ್ಲಿದ್ದ ಪರಮಾನಂದನನ್ನು ಕೇಳಿದಳು.

“ನನ್ನ ತಮ್ಮರೀ. ಚಂದ್ರಾಮ.”

“ನಿಮಗ ತಮ್ಮ ಅದಾರ ಅಂತ ಗೊತ್ತಿರಲಿಲ್ಲ.”

“ಯಾರಿಗೂ ಗೊತ್ತಿರಲಿಲ್ರಿ. ಜೇಲಿನಾಗ ಇದ್ದ ಆರು ವರ್ಸ. ಬಿಟ್ಟ ಮ್ಯಾಲ ನನ್ನ ಕಡೇನಽ ತಂದು ಇಟಗೊಂಡಿದ್ದೆ. ಮನಿ ಮಾಲಕಗ ಹೇಳಿರಲಿಲ್ಲ, ಹೇಳಿದ್ರ ಇರಗೊಡ್ತಿರಲಿಲ್ಲ. ಹಗಲೊತ್ತು ಹೊರಗ ಬರ್ತಿರಲಿಲ್ಲ ಅಂವ.” ಅವನು ಕುಣಿಯ ಕಡೆ ನೋಡುತ್ತಲೇ ಹೇಳಿದ. “ಪೇಪರಿನಾಗ ಬಂತಲ್ರಿ, ಆ ಎರಡು ರೊಟ್ಟಿ ಯಾರು ತಿಂತಾರ ಅಂತ. ಓಣ್ಯಾಗಿನ ಹುಡುಗರು ಗಮ್ಮತ್ತಿಗೆ ಬಂದು ಕಿಡಕ್ಯಾಗ ಇಣಿಕಿ ನೋಡಿದ್ರು. ಎರಡು ದಿವಸದಾಗ ಮನಿ ಖಾಲಿ ಮಾಡಿಸಿದ್ರು. ಇಂಡಿಗೆ ನಾನಽ ಬೇಡಿ ವರ್ಗಾ ಮಾಡಿಸಿಕೊಂಡೆ.”

ಬೈಯಲಿ ಎಂದು ವಿದ್ಯಾವತಿ ಕಾದಳು.

“ಅವ್ವಾರಿಗೆ ಮಾತ್ರ ಮೊದಲಿಂದ ಗೊತ್ತಿತ್ರಿ. ನಾ ಎರಡಽ ಕೇಳಿದ್ರೂ ನಾಕು ಹಾಕೋರು ಅವರಽ. ಕದ್ದದ್ದಲ್ಲರಿ ಅದು.” ಅಷ್ಟು ಹೇಳಿ ಅವನು ಹಿಡಿ ಮಣ್ಣು ತೆಗೆದುಕೊಂಡು ಮುಂದೆ ಹೋದ.

ಈ ಒಂದೂವರೆ ವರ್ಷ ಹದಿನೈದು ದಿನಕ್ಕೊಮ್ಮೆ ದೊಡ್ಡವ್ವ ರೊಟ್ಟಿಯ ಗಂಟು ಕಟ್ಟಿಕೊಂಡು, ಮೊಣಕಾಲಿನ ಔಷಧಿಗೆಂದು ಬೆಳಗಿನ ಬಸ್ಸಿಗೆ ಇಂಡಿಗೆ ಹೋಗುತ್ತಿದ್ದಳು. ನೋವು ಮಾತ್ರ ಒಂದಿಷ್ಟೂ ಇಳಿದಿರಲಿಲ್ಲ. ವಿದ್ಯಾವತಿ ಅದರ ಮೇಲೂ ಒಂದು ತಮಾಷೆ ಬರೆದಿದ್ದಳು.

ತಿರುಗಿ ಬರುವಾಗ ಅವಳು, ದೊಡ್ಡವ್ವನಿಗೆ ಆಗಾಗ ಪೇಪರು ಓದಿ ಹೇಳುತ್ತಿದ್ದ ಕಾಸಿಂಸಾಬನನ್ನು ಹಿಡಿದು ನಿಲ್ಲಿಸಿದಳು.

“ದೊಡ್ಡವ್ವಗ ಆ ಪೇಪರ್ ಓದಿ ಹೇಳಿದವ್ರು ನೀವಽ ಹೌದಲ್ರಿ?”

“ಹೌದ್ರಿ ಅಕ್ಕಾರ. ಓದಂದ್ಲು, ಓದಿದೆ.”

“ಏನಂದ್ಲು?”

ಕಾಸಿಂಸಾಬ ಹೇಳಲೋ ಬೇಡವೋ ಎಂದು ನೆಲ ನೋಡಿದ. “ಮೊದಲ ನಕ್ಕಳ್ರಿ. ಚಲೋ ಬರದಾಳ ಅಂದ್ಳು. ಆಮ್ಯಾಲ ಅಂದ್ಳು, ಹುಡುಗಿಗೆ ಕಣ್ಣು ಭಾಳ ಚುರುಕ ಅದಾವ, ಕರಳಿಗೆ ಇನ್ನಾ ಟೈಮ್ ಬೇಕು.”

“ನನಗ್ಯಾಕ ಹೇಳಲಿಲ್ಲ? ಮಾರಿಗೆ ಹೇಳಿ ಎರಡು ಬಡೀಬೇಕಾಗಿತ್ತಲ್ಲ!” ಅವಳ ದನಿ ಏರಿತು. ಮುಂದೆ ಹೋಗುತ್ತಿದ್ದವರು ತಿರುಗಿ ನೋಡಿದರು.

“ಹೇಳಿದ್ರ ಬರಿಯೂದ ಬಿಟ್ಟಬಿಡ್ತಾಳ, ಹೇಳಬ್ಯಾಡ ಅಂದಿದ್ಲ್ರಿ.”

*

ಕಾಲಿನ ಮಣ್ಣು ತೊಳೆಯದೆ ಅವಳು ನೇರ ಮಶಾಕಸಾಬನ ನೆಟ್ ಸೆಂಟರಿಗೆ ಹೋದಳು. ಕರೆಂಟು ಇತ್ತು. ಬ್ಲಾಗು ತೆರೆದು ‘ರೊಟ್ಟಿ ಕಳ್ಳ’ನನ್ನು ಅಳಿಸಲು ಒತ್ತಿದಳು. ಅಳಿಸಲೇ ಎಂದು ಕಂಪ್ಯೂಟರು ಒಮ್ಮೆ ಕೇಳಿತು. ಹೌದೆಂದಳು. ಒಂದೇ ಕ್ಷಣದ ಕೆಲಸ. ಆಮೇಲೆ ಅನುಮಾನ ಬಂದು ಆ ಹೆಸರನ್ನೇ ಹುಡುಕಿದಳು. ಪತ್ರಿಕೆಯ ಪುಟದಲ್ಲಿ ಇತ್ತು. ಯಾರದೋ ಬ್ಲಾಗಿನಲ್ಲಿ ಇತ್ತು. ಇನ್ಯಾರೋ ಅವಳ ಹೆಸರು ತೆಗೆದು ತಮ್ಮದೇ ಎಂಬಂತೆ ಹಾಕಿಕೊಂಡಿದ್ದರು. ಒಂಬತ್ತು ಕಡೆ ಎಣಿಸಿ ಬಿಟ್ಟಳು.

“ಎಲ್ಲಾ ಕಡೆ ತಗಿಯಾಕ ಬರತೈತೇನು?”

“ಇಲ್ರಿ ಅಕ್ಕಾರ,” ಎಂದ ಮಶಾಕಸಾಬ. “ಅವು ನಮ್ಮ ಕೈಯಾಗ ಇಲ್ಲ.”

ಪುರವಣಿಯವನ ಫೋನು ಬಂತು. ಐದಕ್ಕೆ ಹತ್ತು ನಿಮಿಷವಿತ್ತು.

“ಕಾಲಂ ಬರ್ಯಾಂಗಿಲ್ರಿ ನಾನು,” ಎಂದಳು. ಫೋನಿನಲ್ಲಿ ಅವನೊಡನೆ ಇಷ್ಟು ದಿನ ಆಡುತ್ತಿದ್ದ ಪುಸ್ತಕದ ಮಾತು ಬಾಯಿಗೆ ಬರಲಿಲ್ಲ.

“ಮೇಡಂ, ಈಗ ದುಃಖದಲ್ಲಿದ್ದೀರಿ, ಒಂದು ವಾರ ಬಿಟ್ಟು...”

“ಆ ರೊಟ್ಟಿ ಕಳ್ಳಂದು ನಿಮ್ಮ ಪುಟದಾಗಿಂದ ತಗೀರಿ. ಅಷ್ಟು ಮಾಡ್ರಿ.”

“ಅದು ತುಂಬಾ ಪಾಪ್ಯುಲರ್ ಪೀಸು, ಮೇಡಂ. ಯಾಕೆ? ಸರಿ, ಕೇಳಿ ನೋಡ್ತೀನಿ. ಬ್ಲಾಗು ಮುಂದುವರಿಸ್ತೀರಲ್ವಾ?”

“ಗೊತ್ತಿಲ್ರಿ,” ಎಂದಳು. ಅದು ನಿಜವಾಗಿತ್ತು. ಬಿಟ್ಟರೆ ದೊಡ್ಡವ್ವ ಹೆದರಿದ್ದೇ ಆಗುತ್ತದೆ. ಬರೆಯಲು ಕುಳಿತರೆ ಯಾರ ಕಿಟಕಿಗೆ ಯಾರು ಇಣುಕುತ್ತಾರೋ. ಕೇಳೋಣವೆಂದರೆ ಕೇಳಬೇಕಾದವಳನ್ನು ಈಗಷ್ಟೇ ಮಣ್ಣಿನಲ್ಲಿಟ್ಟು ಬಂದಾಗಿತ್ತು.

*

ಖಾನಾವಳಿಯ ಕಟ್ಟೆಯ ಮೇಲೆ ಪರಮಾನಂದ ಮತ್ತು ಚಂದ್ರಾಮ ಬಸ್ಸಿನ ಹೊತ್ತು ಕಾಯುತ್ತ ಕುಳಿತಿದ್ದರು. ಊಟಕ್ಕೆಂದು ಬಂದ ಇಬ್ಬರು ಕಂಡಕ್ಟರುಗಳು, ಸುದ್ದಿ ಈಗಷ್ಟೇ ತಿಳಿದು, ಹೋಗಲೂ ಆಗದೆ ಇರಲೂ ಆಗದೆ ನಿಂತಿದ್ದರು.

“ಉಂಡು ಹೋಗ್ರಿ ಎಲ್ಲಾರೂ,” ಎಂದಳು ವಿದ್ಯಾವತಿ.

“ಇವತ್ತ ಒಲಿ ಹಚ್ಚತೀಯೇನವಾ?” ಗುರುಲಿಂಗಪ್ಪ ಗಾಬರಿಯಾದ.

“ಹಚ್ಚಲಿ ಬಿಡ್ರಿ. ನಮ್ಮ ಲಿಂಗವಂತರಿಗೆ ಎಲ್ಲಿ ಸೂತಕ?” ಎಂದರು ಐನೋರು.

ಎಸರು ಇಟ್ಟು, ಹಿಟ್ಟು ಕಲಸಿ ಅವಳು ಬಡಿಯಲು ಕುಳಿತಳು. ಮೂರು ವರ್ಷ ರೊಟ್ಟಿಯ ಮೇಲೆ ಬರೆದವಳು, ಒಂದು ದಿನ ಸರಿಯಾಗಿ ಬಡಿದವಳಲ್ಲ. ಮೊದಲನೆಯದು ಅಂಚಿನಲ್ಲಿ ಸೀಳಿತು. ಎರಡನೆಯದು ಹಂಚಿಗೆ ಹಾಕುವಾಗ ಕೈಯಲ್ಲೇ ಎರಡಾಯಿತು. ಮೂರನೆಯ ಉಂಡೆಯನ್ನು ಅವಳು ಪರಾತಕ್ಕೆ ಸಿಟ್ಟಿನಿಂದ ಅಪ್ಪಳಿಸಿದಾಗ ಬಾಗಿಲಲ್ಲಿ ಚಂದ್ರಾಮ ನಿಂತಿದ್ದ.

“ಈ ಕಡೆ ಸರೀರಿ ಅಕ್ಕಾರ,” ಎಂದ. ಬೆಳಗಿನಿಂದ ಅವನು ಆಡಿದ ಮೊದಲ ಮಾತು. “ಒಳಗ ಆರು ವರ್ಸ ಇದನ್ನಽ ಮಾಡೀನಿ.”

ಏನು ಮಾಡಿ ಒಳಗೆ ಹೋಗಿದ್ದೆ ಎಂಬ ಪ್ರಶ್ನೆ ಅವಳ ನಾಲಗೆಯ ತುದಿಗೆ ಬಂತು. ಅದರ ಹಿಂದೆ ಬರಬಹುದಾದ ಕತೆಯೂ ಕಂಡಿತು. ಅವಳು ಸರಿದು ಒಲೆಯ ಬಾಯಿಗೆ ಕುಳಿತಳು.

ಅವನು ಕೈ ತೊಳೆದುಕೊಂಡು ಬಂದು ಬಡಿಯತೊಡಗಿದ. ರೊಟ್ಟಿ ಅಂಗೈಯಡಿಯಲ್ಲಿ ತಿರುಗುತ್ತ ತೆಳ್ಳಗೆ ಹರಡಿತು, ಅಂಚು ಸೀಳಲಿಲ್ಲ. ಮೊಣಕೈಯ ಮೇಲೆ ಒಣಗಿ ಉಳಿದಿದ್ದ ಕುಣಿಯ ಕೆಂಪು ಮಣ್ಣಿಗೆ ಬಿಳಿ ಹಿಟ್ಟು ಹಾರಿ ಹಾರಿ ಕೂಡುತ್ತಿತ್ತು. ವಿದ್ಯಾವತಿ ಏನೂ ಕೇಳದೆ, ಉರಿ ಸಣ್ಣದಾದಾಗಲೆಲ್ಲ ಒಂದೊಂದೇ ಕಟ್ಟಿಗೆ ಒಳಗೆ ನೂಕಿದಳು.