ರೂಪಶ್ರೀ ಮಿಸ್ಸಿನ ನಾಟಿ ಹಾಡು

ಹನ್ನೊಂದು ಗಂಟೆಯಾದರೆ ಸಾಕು, ಕೆ.ಆರ್. ನಗರ ತಾಲ್ಲೂಕಿನ ಆ ನಾಲೆಬದಿಯ ಊರಿನ ಅಂಗನವಾಡಿಯಲ್ಲಿ ಸ್ಲೇಟುಗಳೆಲ್ಲ ಗೋಡೆ ಸೇರಿ, ಅಲ್ಯೂಮಿನಿಯಂ ಡಬರಿಯೊಂದು ಬೋರಲಾಗಿ ಕೂರುತ್ತಿತ್ತು. ರೂಪಶ್ರೀ ಮಿಸ್ಸು ಅದರ ಮೇಲೆ ತಾಳ ಹಾಕುತ್ತ ಹಾಡು ಶುರು ಮಾಡಿದಳೆಂದರೆ ಹದಿನಾಲ್ಕು ಮಕ್ಕಳೂ ಎದ್ದು ನಿಲ್ಲುತ್ತಿದ್ದವು. ಆನೆಯ ನಡಿಗೆ, ಕಪ್ಪೆಯ ನೆಗೆತ, ಮಳೆ ಬಂತೆಂದು ಬೆರಳಲ್ಲಿ ಚಿಟಿಕೆ, ಹೀಗೆ ಅರ್ಧ ಗಂಟೆ. ತರಬೇತಿಯಲ್ಲಿ ಕಲಿತದ್ದೇನೋ ನಿಜ, ಆದರೆ ಕುಣಿಯುವ ಹುಚ್ಚು ಅವಳ ಸ್ವಂತದ್ದು. ಇಡೀ ದಿನದಲ್ಲಿ ಅವಳಿಗೆ ಬಲು ಇಷ್ಟದ ಹೊತ್ತೆಂದರೆ ಅದೇ.

ಊರಿನ ಯಜಮಾನ ಕರಿಯಪ್ಪನಿಗೆ ಮಾತ್ರ ಇದು ಸುತರಾಂ ಹಿಡಿಸಿರಲಿಲ್ಲ. ಅವನ ಮೊಮ್ಮಗಳು ಚಿನ್ನು ಅಕ್ಷರ ಹೇಳು ಎಂದರೆ ನಡುಮನೆಯಲ್ಲಿ ಕಪ್ಪೆ ಹಾರಿ ತೋರಿಸುತ್ತಿದ್ದಳು. ಒಂದು ಸೋಮವಾರ ಅವನು ಬಾಗಿಲಲ್ಲೇ ನಿಂತು ದಬಾಯಿಸಿದ.

"ಅಲ್ಲ ಕಣವ್ವ, ಕುಣಿಯೋದ ಮಕ್ಳಿಗೆ ಯೋಳ್ಕೊಡಬೇಕಾ? ಶುಕ್ರವಾರ ಬತ್ತೀನಿ, ಕೂತ್ಕಂಡು ನೋಡ್ತೀನಿ. ಇದ್ರಲ್ಲಿ ಏನೂ ಇಲ್ಲ ಅನ್ನಿಸ್ತೋ, ಸ್ಲೇಟೇ ಹಿಡಿಸ್ಬೇಕು. ಇಲ್ದಿದ್ರೆ ನಮ್ ಬೀದಿ ಏಳು ಮಕ್ಳೂ ಟೌನಿನ ಕಾನ್ವೆಂಟ್ ವ್ಯಾನ್ ಹತ್ತವೆ."

ಏಳು ಹೋದರೆ ಉಳಿಯುವುದು ಏಳೇ. ಹಾಗಂತ ಹಾಡು ಕುಣಿತ ಬಿಡುವುದನ್ನು ನೆನೆದರೂ ರೂಪಶ್ರೀಗೆ ಸಂಕಟವಾಯಿತು. ಯಜಮಾನನ ಮನಸ್ಸು ಕರಗಬೇಕಾದರೆ ಬೇಸಾಯದ ಹಾಡೇ ಆಗಬೇಕೆಂದು ತೀರ್ಮಾನಿಸಿ, ಕೂತು ಒಂದು ನಾಟಿ ಹಾಡು ಕಟ್ಟಿಯೇಬಿಟ್ಟಳು.

"ನೀರೊಳಗೆ ಪಚ ಪಚ, ಬೆರಳೊಳಗೆ ಪೈರು,
ಬಗ್ಗಿ ಬಗ್ಗಿ ನೆಟ್ಟರೆ ಗದ್ದೆಯೆಲ್ಲ ಹಸಿರು."

ಹಾಡು ಚೆನ್ನಾಗಿಯೇ ಇತ್ತು. ಆದರೆ ಅವಳು ಹುಟ್ಟಿ ಬೆಳೆದದ್ದು ಎಚ್.ಡಿ. ಕೋಟೆ ಕಡೆಯ ಮಳೆ ನಂಬಿದ ಊರಲ್ಲಿ, ರಾಗಿ ಹತ್ತಿಯ ಹೊಲಗಳ ನಡುವೆ. ಅಲ್ಲಿ ಬಿತ್ತುವ ಕೂರಿಗೆ ಹಿಡಿದವರೆಲ್ಲ ಮುಂದಕ್ಕೇ ನಡೆಯುತ್ತಿದ್ದರು. ಇಲ್ಲಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿದ್ದರೂ ಗಂಡ ನಟರಾಜುವಿನದು ಪಂಚರ್ ಅಂಗಡಿ, ಮನೆಗೊಂದು ಗುಂಟೆ ಗದ್ದೆಯಿಲ್ಲ. ಭತ್ತದ ನಾಟಿಯನ್ನು ಅವಳು ಬಸ್ಸಿನ ಕಿಟಕಿಯಿಂದ ಕಂಡದ್ದೇ ಹೆಚ್ಚು.

ಮಂಗಳವಾರ ಅಭ್ಯಾಸ ಶುರುವಾಯಿತು. ಬಗ್ಗಿ ನೆಡಿ ಎಂದದ್ದೇ ತಡ, ಮಕ್ಕಳೆಲ್ಲ ಹಿಂದಕ್ಕೆ ಹಿಂದಕ್ಕೆ ಸರಿದು ಗೋಡೆಗೆ ಕುಂಡಿ ತಗುಲಿಸಿಕೊಂಡು ನಿಂತವು. "ಮುಂದಕ್ಕೆ ಹೋಗ್ಬೇಕು ಪುಟ್ಟಾ, ಮುಂದಕ್ಕೆ!" ಎಂದು ಕೂಗಿ ಕೂಗಿ ಅವಳ ಗಂಟಲು ಬಿದ್ದುಹೋಯಿತು. ಚಿನ್ನು ಒಬ್ಬಳಂತೂ ಜಪ್ಪಯ್ಯ ಅಂದರೂ ಮುಂದಕ್ಕೆ ಬರಲೊಲ್ಲಳು. "ಮಿಸ್, ಅಂಗಲ್ಲ..." ಎಂದು ಬಾಯಿ ತೆಗೆದವಳನ್ನು ಗುರುವಾರ ಗದರಿಸಿ ಮೂಲೆಯಲ್ಲಿ ಕೂರಿಸಿದ್ದೂ ಆಯಿತು. ಸಹಾಯಕಿ ಭದ್ರಮ್ಮ ಆ ಹೊತ್ತಿನಲ್ಲಿ ಒಳಗೆ ಸಾರು ಕುದಿಸುತ್ತಿದ್ದುದರಿಂದ ತಿದ್ದುವವರು ಯಾರೂ ಇರಲಿಲ್ಲ.

ಶುಕ್ರವಾರ ಕರಿಯಪ್ಪ ಮಡಿ ಪಂಚೆ ಉಟ್ಟು ಬಂದು ಕುರ್ಚಿಯಲ್ಲಿ ಕೂತ. ಭದ್ರಮ್ಮನೂ ಸೌಟು ಹಿಡಿದೇ ಹೊರಗೆ ಬಂದಳು. ಡಬರಿ ಸದ್ದು ಮಾಡಿತು, ಹಾಡು ಎದ್ದಿತು. ಮಕ್ಕಳು ಬೈಗುಳಕ್ಕೆ ಹೆದರಿ ಸಾಲಾಗಿ ಬಗ್ಗಿ ನೆಡುತ್ತ ಮುಂದಕ್ಕೆ ಬಂದವು. ಮೊದಲಿಗೆ ಕರಿಯಪ್ಪನ ಕೈ ತೊಡೆಯ ಮೇಲೆ ತಾಳ ಹಾಕಿತು. ಆಮೇಲೆ ಅವನ ಮುಖ ಗಂಟಿಕ್ಕಿತು.

"ನಿಲ್ಸವ್ವ, ನಿಲ್ಸು!" ಎಂದು ದಡಕ್ಕನೆ ಎದ್ದ.

ರೂಪಶ್ರೀ ಡಬರಿಯ ಮೇಲಿನ ಕೈ ತೆಗೆದಳು. ಮುಗಿಯಿತು ಎಂದುಕೊಂಡಳು.

"ನೆಟ್ಟ ಪೈರ್ನೆಲ್ಲ ತುಳ್ಕಂಡು ಓಯ್ತಾವಲ್ಲವ್ವ! ನಾಟಿ ಹಾಕೋರು ಹಿಂದಕ್ಕೆ ಓಯ್ತಾರೋ ಮುಂದಕ್ಕೋ? ಎಲ್ಲಿ ಕಂಡೆ ನೀನು ಈ ನಾಟೀನ?"

"ನಾನು ಯೋಳ್ದೆ ತಾತ. ಮಿಸ್ಸು ಮೂಲೇಲಿ ಕೂರ್ಸುದ್ರು," ಎಂದಳು ಚಿನ್ನು. ಭದ್ರಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ರೂಪಶ್ರೀಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವ್ವಂದಿರ ಜೊತೆ ಗದ್ದೆಬದುವಿನಲ್ಲಿ ಕೂತು ನೋಡಿದ್ದ ಮಕ್ಕಳು ಮೂರು ದಿನದಿಂದ ಸರಿಯಾಗಿಯೇ ಮಾಡುತ್ತಿದ್ದವು, ತಾನು ಕಿವಿಗೇ ಹಾಕಿಕೊಂಡಿರಲಿಲ್ಲ. ಅವಳು ಚಿನ್ನುವಿನ ಎದುರು ಮಂಡಿಯೂರಿದಳು. "ತಪ್ಪು ನಂದು ಕಣೇ ಚಿನ್ನು. ನಮ್ಮೂರಲ್ಲಿ ಗದ್ದೆ ಇಲ್ಲ, ನಂಗೆ ಗೊತ್ತಿರ್ಲಿಲ್ಲ. ನೀನೇ ಯೋಳ್ಕೊಡು."

ಚಿನ್ನು ಗತ್ತಿನಿಂದ ಲಂಗ ಮೇಲೆ ಸಿಕ್ಕಿಸಿದಳು. ಕರಿಯಪ್ಪನಿಗೂ ಸುಮ್ಮನಿರಲಾಗಲಿಲ್ಲ. ಮಡಿ ಪಂಚೆ ಎತ್ತಿ ಕಟ್ಟಿ ಸಾಲಿನ ನಡುವೆ ಬಗ್ಗಿ, "ಎಡಗೈಲಿ ಕಟ್ಟು ಹಿಡೀರ್ಲಾ, ಬಲಗೈಲಿ ನೆಡಿ! ತಾಳ ಬಿರ್ರನೆ ಆಕವ್ವ!" ಎಂದು ಕೂಗಿದ. ಡಬರಿ ಗುಡುಗಿತು. ತಾತ, ಮೊಮ್ಮಗಳು, ಉಳಿದ ಹದಿಮೂರು ಮಕ್ಕಳು ಒಂದೇ ಹೆಜ್ಜೆಯಲ್ಲಿ ಹಿಂದಕ್ಕೆ ಸರಿಯುತ್ತ ಹೋಗಿ, ಗೋಡೆಗೆ ತಾಗಿ, ಒಬ್ಬರ ಮೇಲೊಬ್ಬರು ಬಿದ್ದು ನಕ್ಕಿದ್ದೇ ನಕ್ಕಿದ್ದು.

ಕರಿಯಪ್ಪ ಏದುಸಿರು ಬಿಡುತ್ತ ನೆಲದ ಮೇಲೇ ಕೂತ. ರೂಪಶ್ರೀ ಅಳುಕುತ್ತಲೇ ಕೇಳಿದಳು, "ಹಂಗಾದ್ರೆ ನಾಳೆಯಿಂದ ಸ್ಲೇಟೇನಾ ಯಜಮಾನ್ರೇ?"

ಅವನು ಬೆವರು ಒರೆಸಿಕೊಂಡ. "ಬರೋ ಶುಕ್ರವಾರಕ್ಕೆ ಯಾವ ಹಾಡವ್ವ?"

"ಒಕ್ಕಣೆ ಹಾಡು ಕಟ್ಟೋಣ ಅಂತಿದ್ದೆ."

"ಭತ್ತದ ಒಕ್ಕಣೆ ಕಂಡಿದ್ದೀಯಾ?"

"ಇಲ್ಲ."

"ಅಂಗಾರೆ ಗುರುವಾರವೇ ಬತ್ತೀನಿ ಬುಡು," ಎಂದು ಕರಿಯಪ್ಪ ಚಿನ್ನುವಿನ ಹೆಗಲು ಹಿಡಿದು ಎದ್ದ. "ಮಕ್ಳ ಮುಂದೆ ಇನ್ನೊಂದ್ಸಲ ನಗೆಪಾಟ್ಲಾಗ್ಬ್ಯಾಡ."