ಅಣ್ಣ ನಯಗೊಳಿಸಿದ ಮಾತು

ಕೇಪ್ ಕೋಸ್ಟ್ ಪಟ್ಟಣದಾಚೆಯ ನಮ್ಮ ಕಡಲತಡಿಯ ಊರಿನಲ್ಲಿ ಅರಸನೊಡನೆ ಯಾರೂ ನೇರವಾಗಿ ಮಾತಾಡುವುದಿಲ್ಲ. ನಡುವೆ ಕೋಲು ಹಿಡಿದ ಮಾತುಗಾರನಿರುತ್ತಾನೆ; ಒರಟು ಮಾತೂ ಅವನ ಬಾಯಿಂದ ನಯವಾಗಿ ಬರಬೇಕು. ಇಪ್ಪತ್ತೆರಡು ವರ್ಷ ಆ ಕೋಲು ಹಿಡಿದವನು ಎಸ್ಸುಮಾನ್. ಅವನ ತಂಗಿ ಅರಾಬಾ, ಮೀನು ಹೊಗೆಗಿಟ್ಟು ಮಾರುವವಳು, ನನ್ನ ನೆರೆಯವಳು. ಅವಳ ಶ್ವಾಸಕೋಶದಲ್ಲಿ ಕ್ಯಾನ್ಸರ್ ಕಂಡಾಗ ಪಟ್ಟಣದ ಆಸ್ಪತ್ರೆಗೆ ಇಂಗ್ಲಿಷ್ ಬಲ್ಲ ಅಣ್ಣನೇ ಜೊತೆಗೆ ಹೋದ. ಅಲ್ಲಿದ್ದವರು ಕ್ಯೂಬಾದ ಡಾಕ್ಟರು, ನಮ್ಮ ಭಾಷೆ ಬಾರದವರು.

ಆರು ಸಲ ಔಷಧಿ ಏರಿಸಿದ ಮೇಲೆ, ಸ್ಕ್ಯಾನ್ ನೋಡಿ ಡಾಕ್ಟರು ಬಹಳ ಹೊತ್ತು ಮಾತಾಡಿದರಂತೆ. ಅಣ್ಣ ಅವಳಿಗೆ ಹೇಳಿದ್ದು ಇಷ್ಟೇ: ದೇವರು ದೊಡ್ಡವನು, ಗಡ್ಡೆ ಹೋಯಿತು.

ಆ ಭಾನುವಾರ ಅರಾಬಾ ಬಿಳಿ ಬಟ್ಟೆಯುಟ್ಟು ಇಗರ್ಜಿಯಲ್ಲಿ ಕುಣಿದು ದೇವರಿಗೆ ಕೃತಜ್ಞತೆ ಸಲ್ಲಿಸಿದಳು. ನಾವೆಲ್ಲ ಹಾಡಿದೆವು. ಮತ್ತೆ ಕೆಮ್ಮು ಬಂದಾಗ, ಒಲೆಯ ಹೊಗೆ ಎಂದಳು.

ಆ ಭಾನುವಾರ ಕಳೆದು ಎಂಟನೆಯ ತಿಂಗಳು, ಬೆನ್ನುನೋವು ತಾಳದೆ ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋದಳು. ಹೊಸ ಡಾಕ್ಟರು ನಮ್ಮ ಭಾಷೆಯವಳೇ. ಕಾಗದ ತಿರುವಿ ಕೇಳಿದಳು:

"ಮೂರು ತಿಂಗಳಿಗೊಮ್ಮೆ ಬರ್ಬೇಕು ಅಂದಿದ್ರಲ್ಲ, ಅಮ್ಮಾ. ಯಾಕೆ ಬರ್ಲಿಲ್ಲ?"

"ಯಾರಿಗೆ ಅಂದಿದ್ರು?"

"ನಿಮ್ಮಣ್ಣಂಗೆ."

ಆಮೇಲೆ ಡಾಕ್ಟರು ಮೆಲ್ಲಗೆ ವಿವರಿಸಿದಳು. ಗಡ್ಡೆಯಲ್ಲಿ ಕೆಲವು ಜೀವಕೋಶಗಳು ಬಿತ್ತನೆ ಬೀಜದಂಥವು. ಬೆಳೆಯುವುದನ್ನು ಔಷಧಿ ಕೊಲ್ಲುತ್ತದೆ. ಇವು ಮಲಗಿ ತಪ್ಪಿಸಿಕೊಳ್ಳುತ್ತವೆ. ಎದ್ದ ಮೇಲೆ ಹಳೆಯ ಔಷಧಿಗೆ ಜಗ್ಗುವುದಿಲ್ಲ. ಅದಕ್ಕೇ ಕಣ್ಣಿಟ್ಟು ಕಾಯಬೇಕಿತ್ತು. ಈಗ ಬೆನ್ನುಮೂಳೆಗೂ ಇಳಿದಿದೆ.

ಮರುದಿನ ಎಸ್ಸುಮಾನ್ ಅವಳಿಗೆಂದು ಬಿಸಿ ಕೆಂಕಿ, ಮೆಕ್ಕೆಜೋಳದ ಹುಳಿ ಮುದ್ದೆ, ಕಟ್ಟಿಸಿಕೊಂಡು ಬಂದ. ಅರಾಬಾ ಅದನ್ನು ಮುಟ್ಟದೆ, ಡಾಕ್ಟರ ಮಾತನ್ನು ಯಾಕೆ ಮುಚ್ಚಿಟ್ಟೆ ಎಂದು ಕೇಳಿದಳು.

"ನಿನ್ ಮುಖ ನೋಡಿ ಬಾಯಿ ಬರ್ಲಿಲ್ಲ, ತಂಗೀ," ಎಂದ. "ಬಿಳಿ ಉಟ್ಟು ಕುಣಿದೋಳನ್ನ ಮತ್ತೆ ಆಸ್ಪತ್ರೆಗೆ ಎಳ್ಕೊಂಡು ಹೋದ್ರೆ ದೇವರನ್ನೇ ಸುಳ್ಳು ಮಾಡಿದ ಹಾಗಲ್ವಾ? ಚುಚ್ಚೋ ಮಾತನ್ನ ಚುಚ್ಚದ ಹಾಗೆ ಮುಟ್ಟಿಸೋದೇ ನನ್ ಕೆಲಸ."

"ಮುಟ್ಟಿಸ್ಲಿಲ್ವಲ್ಲಣ್ಣ, ನೀನೇ ಇಟ್ಕೊಂಡೆ. ಅರಸನ ಮಾತಾದ್ರೆ ಒಂದಕ್ಷರ ನುಂಗ್ತಿದ್ಯಾ? ಎಂಟು ತಿಂಗಳು ದೇವರ ಮುಂದೆ ನನ್ನನ್ನ ದಡ್ಡಿ ಮಾಡಿ ನಿಲ್ಲಿಸ್ದೆ."

ಅವನು ಅತ್ತ. ಅವಳು ಸಮಾಧಾನ ಹೇಳಲಿಲ್ಲ.

ಗುರುವಾರ ಆಸ್ಪತ್ರೆಯಲ್ಲಿ ಬೇರೆ ಔಷಧಿ ಶುರು. ಎಸ್ಸುಮಾನ್ ಎಂದಿನಂತೆ ಒಳಗೆ ಬರಲು ಎದ್ದ. ಹೊರಗೇ ಕೂರು ಎಂದಳು ಅರಾಬಾ. ಒಳಗೆ ಡಾಕ್ಟರನ್ನು ನೇರವಾಗಿ ಕೇಳಿದಳು, ತನಗೆ ಇನ್ನೆಷ್ಟು ಕಾಲ ಇದೆ ಎಂದು. ಡಾಕ್ಟರು ಮುಚ್ಚಿಡಲಿಲ್ಲ: ಈ ಔಷಧಿ ಹಿಡಿದರೆ ಒಂದು ವರ್ಷ, ಹಿಡಿಯದಿದ್ದರೆ ಮಳೆಗಾಲ ದಾಟುವುದು ಕಷ್ಟ. ಅರಾಬಾ ಅದನ್ನು ಎರಡನೆಯ ಸಲ ಹೇಳಿಸಿಕೊಂಡಳು.

ಹೊರಗೆ ಬಂದಾಗ, ಡಾಕ್ಟರು ಏನಂದರು ಎಂದು ಅಣ್ಣ ಕೇಳಿದ. ಅವಳು ಅವನ ಪಕ್ಕದಲ್ಲಿ ಕೂತು, ಕೇಳಿದ್ದನ್ನು ಕೇಳಿದ ಹಾಗೆಯೇ, ಒಂದು ಮಾತೂ ಬಿಡದೆ ಹೇಳಿದಳು.