ಯಾರರ ಕೇಳಿದ್ರ ರಾಜಗಿರಿ ಅನ್ರಿ

ಪುಣೆಯಿಂದ ಬಂದ ಡಬ್ಬಿ ತೆರೆದಾಗ ಗೆಣಸಿನ ಎಲೆಗಳೆಲ್ಲ ಕೊಳೆತು ನೀರು ಬಿಟ್ಟಿದ್ದವು. ಬೆಳಗಾವಿ ಕ್ಯಾಂಪಿನ ಹಳೇ ಬಂಗಲೆಯ ಹೋಟೆಲಿನಲ್ಲಿ ಮರುದಿನ, ಭಾನುವಾರ, ‘ಜಗತ್ತಿನ ಸೊಪ್ಪಿನ ಊಟ’. ಮೂವತ್ತು ಜನ ಹೆಸರು ಬರೆಸಿದ್ದರು. ಹಡಗಿನಲ್ಲಿ ಆರು ವರ್ಷ ಅಡುಗೆ ಮಾಡಿ ಬಂದ ರೋಹನನ ಪಟ್ಟಿಯಲ್ಲಿ ಮೊದಲನೆಯದೇ ಫಿಲಿಪೀನ್ಸಿನ ಗೆಣಸಿನ ಎಲೆ.

“ಹೋಗ್ಲಿ, ಪಾಲಕ ಹಾಕೂಣು,” ಅಂದ ರೋಹನ. “ಗೆಣಸಿನೆಲಿ ಅಂತ ಚೀಟಿ ಬರದಿಟ್ರ ಆತು. ಗುರ್ತ ಹಿಡ್ಯಾಕ ಬೆಳಗಾವ್ಯಾಗ ಅದನ್ನ ತಿಂದಾವ್ರು ಯಾರದಾರ?”

ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಅಡುಗೆಮನೆ ಕೆಲಸದ ಮಾಯವ್ವನ ಕೈ ನಿಂತಿತು. ತಿಂದವಳು ಅಲ್ಲೇ ಕೂತಿದ್ದಳು.

ಅವಳ ತವರು ಪಾರಿಶ್ವಾಡದಲ್ಲಿ ಗೆಣಸು ಮನುಷ್ಯರಿಗೆ, ಬಳ್ಳಿ ಎಮ್ಮೆಗೆ. ಆದರೆ ಜೋಳದ ಗಡಿಗೆಯ ತಳ ಕಾಣುವ ಶ್ರಾವಣದಲ್ಲಿ ಅವಳ ತಾಯಿ ಸಾತವ್ವ ನಸುಕಿಗೇ ಹೊಲಕ್ಕೆ ಹೋಗಿ, ಕುಡಿ ಚಿವುಟಿ, ಉಡಿಯಲ್ಲಿ ಮುಚ್ಚಿಕೊಂಡು ಬರುತ್ತಿದ್ದಳು. ತಿನ್ನುವಾಗ ಬಾಗಿಲಿಗೆ ಅಗಳಿ. “ಏನ ಪಲ್ಲೆ ಅಂತ ಯಾರರ ಕೇಳಿದ್ರ ರಾಜಗಿರಿ ಅನ್ರಿ,” ಎಂದು ತನ್ನ ತಲೆ ಮುಟ್ಟಿಸಿ ಮಕ್ಕಳಿಂದ ಆಣೆ ಹಾಕಿಸಿದ್ದಳು. ರಾಜಗಿರಿ ಎಲ್ಲರ ಮನೆಯಲ್ಲೂ ತಿನ್ನುವ ಸೊಪ್ಪು; ಎಮ್ಮೆಯ ಪಾಲು ತಿನ್ನುವ ಮನೆ ಅಂತ ಹೆಸರು ಬಿದ್ದರೆ ಮುಂದೆ ಯಾರು ಹೆಣ್ಣು ತರುತ್ತಾರೆ, ಯಾರು ಕೊಡುತ್ತಾರೆ? ಸಾತವ್ವ ಸತ್ತು ಹದಿನಾರು ವರ್ಷ. ಮಾಯವ್ವ ತನ್ನ ಗಂಡನಿಗೂ ಹೇಳಿರಲಿಲ್ಲ.

ಆಗ ಆ ಪಲ್ಲೆ ಬೇರೆಯದರ ಹೆಸರು ಹೇಳಿಕೊಂಡು ಬದುಕಿತ್ತು. ಈಗ ಬೇರೆಯದೊಂದು ಅದರ ಹೆಸರು ಹೇಳಿಕೊಂಡು ತಾಟಿಗೆ ಬರಲಿತ್ತು. ಅವಳಿಗೆ ತಡೆಯಲಾಗಲಿಲ್ಲ.

“ಸರ್ರ, ನಮ್ಮ ತಮ್ಮನ ಹೊಲದಾಗ ಬಳ್ಳಿ ಅದಾವು. ನಾ ತರ್ತೀನಿ. ಆದ್ರ ಅಡಗಿ ನಾನ ಮಾಡಾಕಿ.”

“ನಿಮಗ ಬರತೈತೇನ್ರಿ ಮಾಯಕ್ಕಾ?”

“ಎಮ್ಮಿಗೆ ಹಾಕಿ ಹಾಕಿ ಗೊತ್ತೈತಿ.”

“ಎಮ್ಮಿಗೆ ಒಗ್ಗರಣಿ ಕೊಟ್ಟು ಹಾಕ್ತಿದ್ರೇನ?” ರೋಹನ ನಕ್ಕ. ಅವಳು ನಗಲಿಲ್ಲ.

ಸಂಜೆಯ ಬಸ್ಸಿಗೆ ಊರಿಗೆ ಹೋದಳು. ಬೆಳಕು ಹರಿಯುವಾಗ ತಮ್ಮನ ಹೆಂಡತಿ ನಿಂಗವ್ವ ಕುಡಗೋಲು, ಚೀಲ ಹಿಡಿದು ಹೊಲಕ್ಕೆ ಬಂದಳು. “ಏನ್ ಅಕ್ಕಾರ, ಬೆಳಗಾವ್ಯಾಗ ಎಮ್ಮಿ ಕಟ್ಟೀರೇನ?”

“ಮೂವತ್ತು ಕಟ್ಟೀನಿ,” ಅಂದಳು ಮಾಯವ್ವ. ಕುಡಗೋಲು ಬೇಡವೆಂದು ಬೆರಳಿನಿಂದಲೇ ಚಿವುಟಿದಳು. ಲಟ್ಟನೆ ಮುರಿದರೆ ಉಡಿಗೆ. ನಾರು ಬಂದರೆ ಬಿಟ್ಟು ಮುಂದಕ್ಕೆ. ಬೆರಳಿಗೆ ಏನೂ ಮರೆತಿರಲಿಲ್ಲ.

ಹೋಟೆಲಿನಲ್ಲಿ ರೋಹನ ತೆಂಗಿನ ಹಾಲು ತಂದಿಟ್ಟ. ಅದನ್ನು ಬಾಜು ಸರಿಸಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಶೇಂಗಾಪುಡಿ ಹಾಕಿದಳು. ಕೊನೆಗೆ ಒಂದು ಹಿಡಿ ಜೋಳದ ಹಿಟ್ಟು ಉದುರಿಸಿ ಮುಚ್ಚಿದಳು. ಮುಚ್ಚಳ ತೆಗೆದಾಗ ಬಂದ ವಾಸನೆಗೆ ಅವಳ ಕಣ್ಣು ತಾನಾಗಿ ಬಾಗಿಲ ಕಡೆ ಹೋಯಿತು, ಅಗಳಿ ಹಾಕಿದೆಯೋ ಇಲ್ಲವೋ ಎಂದು.

ರುಚಿ ನೋಡಿದಳು. ಚಲೋ ಇತ್ತು, ಆದರೆ ಅವ್ವನದಲ್ಲ. ಅವ್ವನದಕ್ಕೆ ಎಣ್ಣೆ ಇರಲಿಲ್ಲ, ಒಗರಿತ್ತು. ಈಗ ಆ ಒಗರೇ ಬೇಕೆನಿಸಿತು.

ಬಂದವರು ಎರಡೆರಡು ಸಲ ಹಾಕಿಸಿಕೊಂಡರು. ಎಲ್ಲ ಮುಗಿದ ಮೇಲೆ ಮಾಯವ್ವ ಉಳಿದ ಪಲ್ಲೆ, ರೊಟ್ಟಿ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಕಾವಲುಗಾರ ರಾಯಪ್ಪ ಅವಳ ತವರಿನ ಕಡೆಯವನೇ, ಗುಂಜಿ ಊರಿನವನು. ಆ ಕಡೆಯಿಂದ ಹೋಗುತ್ತಿದ್ದವನು ನಿಂತ.

“ಏನ ಪಲ್ಲೆರೀ ಅಕ್ಕಾರ?”

“ರಾ...” ಅಂದವಳು ತುತ್ತು ನುಂಗಿದಳು. “ಗೆಣಸಿನ ಕುಡಿ. ಸಣ್ಣಾಕಿದ್ದಾಗ ಇದನ್ನ ತಿಂದ ಬೆಳದೀನಿ.”

“ಎಮ್ಮಿ ತಿನ್ನೂದು?”

“ಹೂಂ, ಅದ. ಕುಂದರ್ರಿ, ನಿಮಗೂ ಹಾಕ್ತೀನಿ.”

ರಾಯಪ್ಪ ಒಂದು ಗಳಿಗೆ ತಾಟನ್ನೇ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತ.